ಉದಯಸೂರ್ಯನ ನಾಡಿನ ಮಹಾನಗರಗಳಲ್ಲಿ

(ವಾಚನಾಲಯದ ಸಭೆಯಲ್ಲಿ ದಂಪತಿಗಳು ಓದಿದ ಭಾಷಣ)



ಜಪಾನ ದೇಶವನ್ನು ನೋಡಿ ಬಂದ ನಾವಿಬ್ಬರೂ ಅಲ್ಲಿಯ ಪಟ್ಟಣಗಳ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ತಾವು ಅಪ್ಪಣೆ ಮಾಡಿರುವಿರಿ. ಆ ನಾಡಿಗೆ ನಮ್ಮವರು ಹೋಗುವದು ಹೊಸ ಸಂಗತಿಯಲ್ಲ. ೧೮೯೩ರಲ್ಲಿ ಚಿಕಾಗೋ ನಗರದ ಸರ್ವಧರ್ಮ ಸಮ್ಮೇಲನಕ್ಕೆಂದು ಹೊರಟ ಸ್ವಾಮಿ ವಿವೇಕಾನಂದರು ಓಸಾಕಾ, ಕಿಯೋಟೋ, ಟೋಕಿಯೋಗಳನ್ನು ನೋಡಿಕೊಂಡು ಯೋಕೋಹಾಮಾ ಬಂದರದಿಂದ ಹಡಗು ಹತ್ತಿದರು. ಐದು ವರ್ಷಗಳ ತರುವಾಯ, ೧೮೯೮ರಲ್ಲಿ, ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಮುಂಬಯಿ ಸರಕಾರದ ಇಂಜಿನಿಯರರಾಗಿದ್ದ ಕಾಲದಲ್ಲಿ ಅಲ್ಲಿಗೆ ಹೋಗಿ ಬಂದರು. ಅಂಥ ಮಹನೀಯರು ಒಂದು ರಾಷ್ಟ್ರದ ಏಳಿಗೆಯ ಕಾರಣಗಳನ್ನು ಶೋಧಿಸುವದಕ್ಕೆ ಹೋದವರು. ನಾವಾದರೋ ಎರಡು ಪೆಟ್ಟಿಗೆ, ಒಂದು ಅವಲಕ್ಕಿಯ ಚೀಲ, ಒಂದು ಚಟ್ನಿಪುಡಿಯ ಡಬ್ಬಿ ಕಟ್ಟಿಕೊಂಡು ಹೊರಟ ಸಾಧಾರಣ ಗಂಡಹೆಂಡಿರು. ಆದುದರಿಂದ ನಾವು ಹೇಳುವದೆಲ್ಲ ಮೊದಲ ನೋಟದ ಮಾತೆಂದು ತಿಳಿದು ಆಲಿಸಬೇಕಾಗಿ ವಿನಂತಿ.

ಟೋಕಿಯೋ ಮೊದಲು ಎಡೋ ಎಂಬ ಹೆಸರಿನ ಊರಾಗಿತ್ತು. ೧೮೬೮ರಲ್ಲಿ ಅದಕ್ಕೆ ‘ಪೂರ್ವದ ರಾಜಧಾನಿ’ ಎಂಬರ್ಥದ ಈಗಿನ ಹೆಸರು ಬಂದಿತು. ಸುತ್ತಲಿನ ಊರುಗಳನ್ನು ಕೂಡಿಸಿ ಎಣಿಸಿದರೆ ಅಲ್ಲಿ ವಾಸಿಸುವ ಜನರು ಮೂರೂವರೆ ಕೋಟಿಗೂ ಮಿಕ್ಕಿದ್ದಾರೆ. ಅಂದರೆ ಅರ್ಧ ಕರ್ನಾಟಕವೇ ಒಂದು ಪಟ್ಟಣದೊಳಗೆ ಕುಳಿತಂತೆ! ಆ ನಗರದ ಶಿಂಜುಕು ಎಂಬ ರೈಲು ನಿಲ್ದಾಣವು ಜಗತ್ತಿನಲ್ಲಿಯೇ ಅತ್ಯಂತ ದಟ್ಟಣೆಯದೆಂದು ಪ್ರಸಿದ್ಧಿ ಪಡೆದಿದೆ. ೨೦೨೦ರ ಸಾಂಕ್ರಾಮಿಕಕ್ಕೆ ಮೊದಲಿನ ವರ್ಷಗಳಲ್ಲಿ ದಿನವೊಂದಕ್ಕೆ ಮೂವತ್ತು ಲಕ್ಷಕ್ಕೂ ಹೆಚ್ಚು ಜನರು ಅಲ್ಲಿ ಹತ್ತಿ ಇಳಿಯುತ್ತಿದ್ದರು. ಹೊರಬೀಳುವದಕ್ಕೆ ಇನ್ನೂರಕ್ಕೂ ಮಿಕ್ಕಿ ಬಾಗಿಲುಗಳಿವೆ. ನಾವು ಮುಂಜಾನೆ ಎಂಟು ಗಂಟೆಯ ಹೊತ್ತಿಗೆ ಅಲ್ಲಿ ಇಳಿದೆವು. ತುಂಬಿದ ಹೊಳೆಗೆ ಬಿದ್ದ ಎರಡು ಎಲೆಗಳಂತೆ ಜನಪ್ರವಾಹವು ನಮ್ಮನ್ನು ಎತ್ತಿಕೊಂಡು ಹೋಯಿತು. ಕೈ ಕೈ ಹಿಡಿದುಕೊಂಡು ಒಂದು ಕಂಬದ ಮರೆಗೆ ನಿಂತು ಸುಧಾರಿಸಿಕೊಂಡಾಗ ನಮಗೆ ಹೊಳೆದ ಮೊದಲ ವಿಸ್ಮಯವೆಂದರೆ, ಇಷ್ಟು ಜನರಿದ್ದೂ ಅಲ್ಲಿ ಗದ್ದಲವಿರಲಿಲ್ಲ. ಸಾವಿರ ಬೂಟುಗಳ ಸಪ್ಪಳ ಕೇಳುತ್ತಿತ್ತು. ಮಾತಿನ ಸಪ್ಪಳ ಮಾತ್ರ ಇಲ್ಲ. ಗಾಡಿಯೊಳಗೆ ದೂರವಾಣಿಯಲ್ಲಿ ಮಾತಾಡುವದು ಅಸಭ್ಯವೆನಿಸುವದು. ಜನರು ಗಾಡಿಯ ಬಾಗಿಲು ನಿಲ್ಲುವ ಸ್ಥಳದಲ್ಲಿ ನೆಲದ ಮೇಲೆ ಬರೆದ ಗೆರೆಗೆ ಸರಿಯಾಗಿ ಸಾಲುಗಟ್ಟುವರು; ಇಳಿಯುವವರು ಇಳಿದ ಮೇಲೆಯೇ ಹತ್ತುವರು. ಜಗ್ಗಾಟವಿಲ್ಲವೆಂದಲ್ಲ, ಕಚೇರಿಯ ವೇಳೆಗೆ ಉಸಿರಾಡುವದೇ ಕಷ್ಟ. ಆದರೆ ಆ ಒತ್ತಡದಲ್ಲಿಯೂ ಯಾರ ಬಾಯಿಂದಲೂ ಕೆಟ್ಟ ಮಾತು ಬರಲಿಲ್ಲ.

ಚಲಿಸುವ ಮೆಟ್ಟಿಲುಗಳ ಮೇಲೆ ಟೋಕಿಯೋದವರು ಎಡಕ್ಕೆ ನಿಂತು, ಅವಸರವುಳ್ಳವರಿಗೆ ಬಲಗಡೆ ದಾರಿ ಬಿಡುವರು. ಓಸಾಕಾದವರು ಇದಕ್ಕೆ ತದ್ವಿರುದ್ಧವಾಗಿ ಬಲಕ್ಕೆ ನಿಲ್ಲುವರು. ಒಂದೇ ದೇಶ, ಒಂದೇ ಭಾಷೆ. ಆದರೂ ಎರಡು ಪಟ್ಟಣಗಳ ಹಟ ಬೇರೆ ಬೇರೆ. ಇದನ್ನು ಕಂಡು ನಮಗೆ ನಗೆ ಬಂದಿತು, ಸಮಾಧಾನವೂ ಆಯಿತು. ಧಾರವಾಡದ ಮಾತಿಗೆ ಮೈಸೂರಿನವರು ನಗುವದೂ, ಮೈಸೂರಿನ ಮಾತಿಗೆ ಧಾರವಾಡದವರು ನಗುವದೂ ಒಡಕಿನ ಗುರುತಲ್ಲವೆಂದು ಅಲ್ಲಿಯೇ ನಮಗೆ ಮನವರಿಕೆಯಾಯಿತು.

ಇನ್ನು ನಮಗೆ ಬಹಳ ನಾಟಿದ ಸಂಗತಿಯನ್ನು ಹೇಳುವೆವು. ನಾವಿಬ್ಬರೂ ಪುಸ್ತಕಗಳ ನಡುವೆ ಬಾಳಿದವರು. ನಾಲ್ಕಾರು ಭಾಷೆಗಳ ಅಕ್ಷರ ಬಲ್ಲವರು. ಅಲ್ಲಿ ಕಾಲಿಟ್ಟ ಗಳಿಗೆಯಲ್ಲಿ ನಾವು ನಿರಕ್ಷರಿಗಳಾದೆವು. ದೊಡ್ಡ ನಿಲ್ದಾಣಗಳಲ್ಲಿ ಊರಿನ ಹೆಸರುಗಳನ್ನು ಇಂಗ್ಲಿಷಿನಲ್ಲಿಯೂ ಬರೆದಿರುವರು, ನಿಜ. ಒಂದು ಓಣಿಯನ್ನು ಹೊಕ್ಕರೆ ಸಾಕು, ಅಂಗಡಿಯ ಹಲಗೆ, ಔಷಧದ ಶೀಸೆ, ಖಾನಾವಳಿಯ ಪಟ್ಟಿ ಎಲ್ಲವೂ ಚಿತ್ರಾಕ್ಷರ. ಕೈಯೊಳಗಿನ ದೂರವಾಣಿಯು ಒಂದಿಷ್ಟು ತರ್ಜುಮೆ ಮಾಡಿ ತೋರಿಸುವದು. ಅದರ ಅರ್ಥ ಒಮ್ಮೊಮ್ಮೆ ನಮ್ಮನ್ನು ಇನ್ನೂ ದೂರಕ್ಕೆ ಒಯ್ಯುವದು. ಮೇಲಾಗಿ ಅಲ್ಲಿಯ ಬಹುತೇಕ ಬೀದಿಗಳಿಗೆ ಹೆಸರೇ ಇಲ್ಲ. ಮೊಹಲ್ಲೆಗೆ, ಅದರೊಳಗಿನ ಕಟ್ಟುಗಳಿಗೆ, ಮನೆಗಳಿಗೆ ಅಂಕಿಗಳಿವೆ. ವಿಳಾಸ ತಿಳಿಯದವರಿಗಾಗಿ ಮೂಲೆ ಮೂಲೆಗೆ ಕೋಬಾನ್ ಎಂಬ ಚಿಕ್ಕ ಪೋಲೀಸ ಚಾವಡಿಗಳಿದ್ದು, ಅಲ್ಲಿಯ ಶಿಪಾಯಿಯು ನಕ್ಷೆಯನ್ನು ಬಿಡಿಸಿ ದಾರಿ ತೋರಿಸುವನು.

ಒಂದು ಸಂಜೆ ನಾವು ಕಾಗದದ ತುಣುಕೊಂದನ್ನು ಹಿಡಿದುಕೊಂಡು ನಿಂತಿದ್ದಾಗ ಎಪ್ಪತ್ತು ದಾಟಿದ ಮುದುಕಿಯೊಬ್ಬಳು ತಾನಾಗಿ ಬಳಿಗೆ ಬಂದಳು. ಆಕೆಗೆ ಇಂಗ್ಲಿಷ್ ಬಾರದು. ನಮಗೆ ಜಪಾನೀ ಬಾರದು. ಆಕೆ ಕಾಗದವನ್ನು ಓದಿ, ತಲೆ ಬಾಗಿಸಿ, ಮುಂದೆ ನಡೆದಳು. ನಾವು ಹಿಂದೆ ನಡೆದೆವು. ಹತ್ತು ನಿಮಿಷ ನಡೆದು ನಮ್ಮ ಬಾಗಿಲಿಗೆ ಮುಟ್ಟಿಸಿ, ಮತ್ತೆ ತಲೆ ಬಾಗಿಸಿ, ಬಂದ ದಾರಿಯಲ್ಲಿಯೇ ತಿರುಗಿ ಹೋದಳು. ಆಕೆ ಹೋಗಬೇಕಾದದ್ದು ಬೇರೆ ದಿಕ್ಕಿಗೆಂಬದು ಆಗ ನಮಗೆ ತಿಳಿಯಿತು.

ಆ ರಾತ್ರಿ ನಾವು ಬಹಳ ಹೊತ್ತು ಮಾತಾಡಿಕೊಂಡೆವು. ಹಣವಿದ್ದು, ವಿದ್ಯೆಯಿದ್ದು, ನಮಗೇ ಅಕ್ಷರ ತಿಳಿಯದ ಊರಿನಲ್ಲಿ ಇಷ್ಟು ದೈನ್ಯ ತೋರಿದರೆ, ನಮ್ಮ ಹಳ್ಳಿಯ ರೈತನು ತನ್ನ ಸ್ವಂತ ನಾಡಿನಲ್ಲಿಯೇ ಬ್ಯಾಂಕಿನ ಕಟಕಟೆಯ ಮುಂದೆ, ಅರ್ಥವಾಗದ ಭಾಷೆಯ ಕಾಗದ ಹಿಡಿದು, ಹೆಬ್ಬೆಟ್ಟು ಎಲ್ಲಿ ಒತ್ತಲೆಂದು ಕೇಳುವಾಗ ಅವನ ಎದೆಯಲ್ಲಿ ಏನಾಗುತ್ತಿರಬೇಕು? ನಾವು ಹದಿನೈದು ದಿನಕ್ಕೆ ಮಾತ್ರ ಪರದೇಶಿಗಳಾಗಿದ್ದೆವು. ಅವನು ಜನ್ಮವಿಡೀ ತನ್ನ ಊರಿನ ಪೇಟೆಯಲ್ಲಿ ಪರದೇಶಿಯಾಗಿರುವನು. ಅವನನ್ನು ಬಾಗಿಲ ತನಕ ಮುಟ್ಟಿಸುವವರು ಯಾರು?

ಹೊಟ್ಟೆಯ ಪಾಡನ್ನೂ ಹೇಳಬೇಕು, ಏಕೆಂದರೆ ಹೊರಡುವ ಮುನ್ನ ಎಲ್ಲರೂ ನಮ್ಮನ್ನು ಅದನ್ನೇ ಕೇಳಿದ್ದರು. ಶಾಕಾಹಾರಿಗಳಿಗೆ ಜಪಾನಿನ ಪಟ್ಟಣಗಳು ಸುಲಭವಲ್ಲ. ಅಲ್ಲಿಯ ಅಡಿಗೆಗೆಲ್ಲ ‘ದಾಶಿ’ ಎಂಬ ಸಾರೇ ಜೀವಾಳ. ಅದನ್ನು ಸಾಮಾನ್ಯವಾಗಿ ಒಣಗಿಸಿದ ಮೀನಿನಿಂದ ತೆಗೆಯುವರು. ಕಾಯಿಪಲ್ಲೆಯ ಬಟ್ಟಲು, ಸೋಯಾ ಗಿಣ್ಣಿನಂಥ ‘ತೋಫು’, ಗೋದಿಯ ಶ್ಯಾವಿಗೆ ಯಾವದನ್ನು ತೋರಿಸಿದರೂ ಒಳಗೆ ಆ ಸಾರು ಇದ್ದೇ ಇರುವದು. ಮೊದಲ ನಾಲ್ಕು ದಿನ ಅನ್ನ, ಹಣ್ಣು, ನಮ್ಮ ಅವಲಕ್ಕಿ, ಚಟ್ನಿಪುಡಿಗಳೇ ಗತಿಯಾದವು. ಆದರೆ ಕಿಯೋಟೋದ ಬೌದ್ಧ ಮಠಗಳ ಬಳಿಯಲ್ಲಿ ‘ಶೋಜಿನ್’ ಎಂಬ ಸಾತ್ವಿಕ ಊಟ ದೊರೆಯುವದು. ಅದರಲ್ಲಿ ಮೀನಿಲ್ಲ, ಮಾಂಸವಿಲ್ಲ, ಉಳ್ಳಾಗಡ್ಡಿ ಬೆಳ್ಳುಳ್ಳಿಗಳೂ ಇಲ್ಲ. ಸಾರನ್ನು ಕಡಲಪಾಚಿಯಿಂದಲೂ ಅಣಬೆಯಿಂದಲೂ ಮಾಡುವರು. ಚಾಪೆಯ ಮೇಲೆ ಕುಳಿತು, ಕೆಂಪು ಬಟ್ಟಲುಗಳನ್ನು ಮುಂದಿಟ್ಟುಕೊಂಡು ಉಂಡಾಗ, ಎಷ್ಟೋ ಶತಮಾನಗಳ ಹಿಂದೆ ನಮ್ಮ ನಾಡಿನ ಧರ್ಮವು ಹೊತ್ತು ತಂದ ಅನ್ನವನ್ನೇ ಇಂದು ನಾವು ಉಣ್ಣುತ್ತಿರುವೆವೆಂಬ ಭಾವವು ನಮಗಾಯಿತು.

ಕಿಯೋಟೋ ನಗರವು ೭೯೪ರಿಂದ ೧೮೬೮ರ ವರೆಗೆ ಚಕ್ರವರ್ತಿಗಳ ರಾಜಧಾನಿ. ಟೋಕಿಯೋದಿಂದ ಅಲ್ಲಿಗೆ ಶಿಂಕಾನ್ಸೆನ್ ಗಾಡಿಯಲ್ಲಿ ಎರಡು ಗಂಟೆಗಿಂತ ತುಸು ಹೆಚ್ಚಿನ ದಾರಿ. ೧೯೬೪ರ ಅಕ್ಟೋಬರ ೧ರಂದು ಓಡತೊಡಗಿದ ಆ ರೈಲುಮಾರ್ಗದಲ್ಲಿ ಡಿಕ್ಕಿಯಾಗಲಿ, ಹಳಿ ತಪ್ಪಿಯಾಗಲಿ ಪ್ರಯಾಣಿಕರೊಬ್ಬರೂ ಸತ್ತಿಲ್ಲ. ಡಬ್ಬಿಯಿಂದ ಹೊರಗೆ ಹೋಗುವ ಮುನ್ನ ಟಿಕೀಟು ನೋಡುವ ಅಧಿಕಾರಿಯು ತಿರುಗಿ ನಿಂತು ಪ್ರಯಾಣಿಕರಿಗೆ ನಮಸ್ಕರಿಸುವನು. ವೇಗಕ್ಕಿಂತ ಈ ನಮಸ್ಕಾರವೇ ನಮಗೆ ಹೆಚ್ಚು ಕಂಡಿತು.

ಕಿಯೋಟೋದ ಸಾಂಜೂಸಾಂಗೆನ್‌ದೋ ಎಂಬ ದೇವಾಲಯದಲ್ಲಿ ಸುಮಾರು ನಾಲ್ಕುನೂರು ಅಡಿ ಉದ್ದದ ಒಂದೇ ಮಂಟಪವಿದೆ. ಅದರೊಳಗೆ ಸಹಸ್ರಬಾಹು ಅವಲೋಕಿತೇಶ್ವರನ ಒಂದು ಸಾವಿರದ ಒಂದು ಮೂರ್ತಿಗಳಿವೆ. ಅವುಗಳ ಮುಂದೆ ಇಪ್ಪತ್ತೆಂಟು ಜನ ಪರಿವಾರ ದೇವತೆಗಳು. ಒಂದೊಂದನ್ನೇ ನೋಡುತ್ತ ನಡೆದಂತೆ ನಮ್ಮ ಕಾಲುಗಳು ತಡೆದವು. ಇದೋ ಬ್ರಹ್ಮ, ಇದೋ ಇಂದ್ರ, ಇಲ್ಲಿ ಹಕ್ಕಿಮೋರೆಯ ಗರುಡನು ಕೊಳಲೂದುತ್ತಿರುವನು! ಟೋಕಿಯೋದ ಉಯೆನೋ ಕೊಳದ ನಡುವಣ ಗುಡಿಯ ಬೆಂತೆನ್ ದೇವಿಯು ನಮ್ಮ ಸರಸ್ವತಿಯೇ. ನಾರಾ ಪಟ್ಟಣದ ತೋದಾಯಿಜಿಯಲ್ಲಿ ಐವತ್ತು ಅಡಿ ಎತ್ತರದ ಕಂಚಿನ ಬುದ್ಧನಿದ್ದಾನೆ. ೭೫೨ರಲ್ಲಿ ಆ ಮೂರ್ತಿಯ ನೇತ್ರೋನ್ಮೀಲನ ಮಾಡಿದವನು ಬೋಧಿಸೇನನೆಂಬ ಭಾರತೀಯ ಭಿಕ್ಷು. ೭೩೬ರಲ್ಲಿ ಚೀನದ ಮಾರ್ಗವಾಗಿ ಅಲ್ಲಿಗೆ ಹೋದವನು. ಆ ಕಾಲದಲ್ಲಿ ವಿಮಾನವಿರಲಿಲ್ಲ. ನಮಗಿದ್ದಂತೆ ತಿರುಗಿ ಬರುವ ಟಿಕೀಟೂ ಇರಲಿಲ್ಲ. ಅವನು ಅಲ್ಲಿಯೇ ದೇಹವಿಟ್ಟನು.

ಶಾಲಾ ಮಾಸ್ತರರಿಗೆ ರುಚಿಸುವ ಒಂದು ಮಾತು. ಜಪಾನೀಯರ ಕಾನಾ ಅಕ್ಷರಮಾಲೆಯನ್ನು ಮಕ್ಕಳು ಹೇಗೆ ಬಾಯಿಪಾಠ ಮಾಡುವರೆಂದರೆ: ಅ, ಇ, ಉ, ಎ, ಒ, ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಈಗಿನ ಹಕಾರವನ್ನು ಪೂರ್ವದಲ್ಲಿ ಪಕಾರವಾಗಿ ಉಚ್ಚರಿಸುತ್ತಿದ್ದರೆಂದು ಪಂಡಿತರು ಹೇಳುವರು. ಆಗ ಇದು ನಮ್ಮ ವರ್ಣಮಾಲೆಯ ಕ್ರಮವೇ ಆಯಿತಲ್ಲವೇ? ಸಂಸ್ಕೃತದ ಸಿದ್ಧಮಾತೃಕೆಯನ್ನು ಕಲಿತ ಬೌದ್ಧ ಭಿಕ್ಷುಗಳಿಂದ ಈ ಕ್ರಮವು ಅಲ್ಲಿ ನೆಲೆಗೊಂಡಿತು. ವಾಕ್ಯರಚನೆಯಂತೂ ಕನ್ನಡಿಗನಿಗೆ ಬಲು ಹತ್ತಿರ. ‘ಟೋಕಿಯೋ ಕಾರಾ ಕಿಯೋಟೋ ಮಾದೆ’ ಎಂದರೆ ಟೋಕಿಯೋದಿಂದ ಕಿಯೋಟೋದವರೆಗೆ. ವಿಭಕ್ತಿಗಳೆಲ್ಲ ನಾಮಪದದ ಹಿಂದೆಯೇ ಬರುವವು, ಕ್ರಿಯಾಪದವು ನಮ್ಮಲ್ಲಿಯಂತೆ ವಾಕ್ಯದ ಕೊನೆಯಲ್ಲಿ ಕೂಡುವದು. ಇಂಗ್ಲಿಷಿನಿಂದ ಕಲಿಯಹೋದವನಿಗೆ ತಲೆಕೆಳಗಾಗಿ ತೋರುವ ಭಾಷೆಯು ಕನ್ನಡದಿಂದ ಹೋದವನಿಗೆ ನೆಟ್ಟಗೆ ನಿಲ್ಲುವದು.

ಈ ಭಾಷೆಯ ವಿಷಯವೇ ನಮ್ಮ ಪ್ರವಾಸದ ತಿರುಳಾಯಿತು. ಟೋಕಿಯೋದ ಕಾಂದಾ ಭಾಗದಲ್ಲಿ ಜಿಂಬೋಚೋ ಎಂಬ ಪೇಟೆಯಿದೆ. ಅಲ್ಲಿ ಹಳೆಯ ಪುಸ್ತಕಗಳ ಅಂಗಡಿಗಳೇ ನೂರಕ್ಕೂ ಮಿಕ್ಕಿ ಇರುವವು. ಗೋಡೆಗಳ ತುಂಬ, ಹಾದಿಯ ಬದಿಯ ಕಪಾಟುಗಳ ತುಂಬ ಪುಸ್ತಕ. ವೈದ್ಯ, ಗಣಿತ, ಕಾಯಿದೆ, ಯಂತ್ರಶಾಸ್ತ್ರ ಯಾವ ಪುಸ್ತಕ ತೆಗೆದರೂ ಜಪಾನೀ ಭಾಷೆಯದು. ಇದು ತಾನಾಗಿ ಆದದ್ದಲ್ಲ. ೧೭೭೧ರಲ್ಲಿ ಸುಗಿತಾ ಗೆಂಪಾಕು ಮೊದಲಾದ ವೈದ್ಯರು ಎಡೋದಲ್ಲಿ ಒಂದು ಶವಚ್ಛೇದವನ್ನು ನೋಡಿದರು. ಕೈಯಲ್ಲಿದ್ದ ಡಚ್ ಪುಸ್ತಕದ ಚಿತ್ರಗಳು ಶರೀರದೊಡನೆ ಸರಿಯಾಗಿ ಹೊಂದಿದವು. ತಕ್ಕ ನಿಘಂಟುವಿಲ್ಲದೆ, ಒಂದೊಂದು ಪದಕ್ಕೆ ದಿನಗಟ್ಟಲೆ ಕುಳಿತು, ಅವರು ಆ ಗ್ರಂಥವನ್ನು ಭಾಷಾಂತರಿಸಿ ೧೭೭೪ರಲ್ಲಿ ಪ್ರಕಟಿಸಿದರು. ಅಂದಿನ ಪಂಡಿತರ ರೂಢಿಯಂತೆ ಅದನ್ನು ಚೀನೀ ಶೈಲಿಯಲ್ಲಿ ಬರೆದರೂ, ಅದಕ್ಕಾಗಿ ಅವರು ಹುಟ್ಟಿಸಿದ ‘ಶಿಂಕೆಯಿ’, ಅಂದರೆ ನರ, ಎಂಬ ಮಾತು ಇಂದಿಗೂ ಜಪಾನಿನ ಮಕ್ಕಳ ಬಾಯಲ್ಲಿದೆ.

ನೂರು ವರ್ಷಗಳ ತರುವಾಯ ಒಂದು ದೊಡ್ಡ ಸಂದೇಹವು ಅವರಿಗೂ ಬಂದಿತ್ತು. ಮುಂದೆ ೧೮೮೫ರಲ್ಲಿ ಜಪಾನಿನ ಮೊದಲನೆಯ ವಿದ್ಯಾಮಂತ್ರಿಯಾದ ಮೋರಿ ಆರಿನೋರಿಯು ೧೮೭೨ರ ಸುಮಾರಿಗೆ, ಆಧುನಿಕ ಜ್ಞಾನಕ್ಕೆ ಜಪಾನೀ ಭಾಷೆಯು ಸಾಲದು, ಇಂಗ್ಲಿಷನ್ನು ಸ್ವೀಕರಿಸಬೇಕೆಂಬ ಅರ್ಥದ ವಿಚಾರವನ್ನು ಮುಂದಿಟ್ಟನು. ಲಂಡನ್ನಿನಲ್ಲಿ ಓದುತ್ತಿದ್ದ ಬಾಬಾ ತಾತ್ಸುಯಿ ಎಂಬ ತರುಣನು ೧೮೭೩ರಲ್ಲಿ ತನ್ನ ಭಾಷೆಯ ವ್ಯಾಕರಣವನ್ನೇ ಇಂಗ್ಲಿಷಿನಲ್ಲಿ ಬರೆದು ಇದಕ್ಕೆ ಉತ್ತರ ಕೊಟ್ಟನು. ನಮ್ಮ ಭಾಷೆಗೆ ನಿಯಮವುಂಟು, ಸಾಮರ್ಥ್ಯವುಂಟು. ಪರಭಾಷೆಯಲ್ಲಿ ಕಲಿಸಹೋದರೆ ಬಿಡುವುಳ್ಳ ಸಿರಿವಂತರು ಮಾತ್ರ ಕಲಿತು, ಬಡವರಿಗೂ ಅವರಿಗೂ ನಡುವೆ ಗೋಡೆ ಏಳುವದು ಎಂಬದು ಅವನ ವಾದ. ಬಾಬಾನ ಮಾತೇ ನಿಂತಿತು. ಅದರ ಫಲವನ್ನು ನೋಡಿರಿ: ೨೦೦೮ರಲ್ಲಿ ಪದಾರ್ಥವಿಜ್ಞಾನದ ನೋಬೆಲ್ ಪಾರಿತೋಷಕ ಪಡೆದ ಮಾಸುಕಾವಾ ತೋಶಿಹಿದೆ ಎಂಬ ವಿಜ್ಞಾನಿಯು ಸ್ಟಾಕ್‌ಹೋಮಿನಲ್ಲಿ ತನ್ನ ಭಾಷಣವನ್ನು ಜಪಾನೀ ಭಾಷೆಯಲ್ಲಿಯೇ ಮಾಡಿದನು.

ಶಾಲೆಗಳ ವಿಷಯದಲ್ಲಿ ಎರಡೇ ಮಾತು. ಮುಂಜಾನೆ ಆರೇಳು ವರ್ಷದ ಕೂಸುಗಳು ಹಳದಿ ಟೊಪ್ಪಿಗೆ ಹಾಕಿಕೊಂಡು, ತಂದೆತಾಯಿಗಳ ಬೆಂಗಾವಲಿಲ್ಲದೆ, ಅಷ್ಟು ದೊಡ್ಡ ಪಟ್ಟಣದ ಹಾದಿಗಳನ್ನು ದಾಟುವದನ್ನು ನಾವು ದಿನಾಲು ನೋಡಿದೆವು. ಮಧ್ಯಾಹ್ನದ ಊಟವನ್ನು ಮಕ್ಕಳೇ ಸರದಿಯಿಂದ ಬಡಿಸುವರು. ತರಗತಿಯ ಕಸವನ್ನು ಮಕ್ಕಳೇ ಗುಡಿಸುವರು. ಇದನ್ನು ಕೀಳು ಕೆಲಸವೆಂದು ಯಾವ ತಂದೆಯೂ ದೂರುವದಿಲ್ಲ. ಹಾದಿಯಲ್ಲಿ ಕಸದ ಡಬ್ಬಿಗಳು ಅತಿ ವಿರಳ, ಆದರೂ ಕಸವಿಲ್ಲ. ಜನರು ತಮ್ಮ ಕಸವನ್ನು ಕಿಸೆಯಲ್ಲಿಟ್ಟುಕೊಂಡು ಮನೆಗೆ ಒಯ್ಯುವರು. ಇದು ಯಾವ ಕಾಯಿದೆಯಿಂದ ಬಂದದ್ದೆಂದು ಕೇಳುವವರಿಗೆ ಆ ಪೊರಕೆ ಹಿಡಿದ ಮಕ್ಕಳನ್ನು ತೋರಿಸಿದರೆ ಸಾಕು.

ಇಷ್ಟು ಹೊಗಳಿದ ಮೇಲೆ, ನಾವು ಬರಿಯ ಬೆರಗಿನಿಂದ ಬಂದವರೆಂದು ತಾವು ತಿಳಿಯಬಾರದು. ಟೋಕಿಯೋದ ಸುಮಿದಾ ಭಾಗದಲ್ಲಿ ಯೋಕೋಅಮಿಚೋ ಎಂಬ ಚಿಕ್ಕ ಉದ್ಯಾನವಿದೆ. ಪ್ರವಾಸಿಗಳು ಅಲ್ಲಿಗೆ ಹೋಗುವದು ಕಡಿಮೆ. ೧೯೨೩ರ ಸೆಪ್ಟೆಂಬರ ೧ರ ಭೂಕಂಪ ಮತ್ತು ಬೆಂಕಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರು ಮಡಿದರು. ೧೯೪೫ರ ಮಾರ್ಚ ೧೦ರ ಒಂದೇ ರಾತ್ರಿಯ ಬಾಂಬಿನ ಮಳೆಯಲ್ಲಿ ಮತ್ತೆ ಸುಮಾರು ಅಷ್ಟೇ ಜನರು ಸುಟ್ಟುಹೋದರು. ಅವರಿಬ್ಬರ ಸ್ಮಾರಕವೂ ಅಲ್ಲಿದೆ. ಅದೇ ಉದ್ಯಾನದ ಒಂದು ಬದಿಗೆ ೧೯೭೩ರಲ್ಲಿ ನಿಲ್ಲಿಸಿದ ಇನ್ನೊಂದು ಕಲ್ಲಿದೆ. ಭೂಕಂಪವಾದ ದಿನಗಳಲ್ಲಿ, ಕೊರಿಯದವರು ಬಾವಿಗೆ ವಿಷ ಹಾಕುತ್ತಾರೆಂಬ ಸುಳ್ಳು ಸುದ್ದಿ ಹಬ್ಬಿ, ಜನರು ಕೋಲು ಕತ್ತಿ ಹಿಡಿದು ತಮ್ಮ ನೆರೆಯ ಬಡ ಕೊರಿಯನ್ನರನ್ನು ಕೊಂದರು. ಆ ಹತರಾದವರ ನೆನಪಿಗಾಗಿ ಆ ಕಲ್ಲು. ನಮ್ಮನ್ನು ಬಾಗಿಲಿಗೆ ಮುಟ್ಟಿಸಿದ ಆ ಮುದುಕಿಯ ಪಟ್ಟಣವೂ ಇದೇ, ಈ ಕೊಲೆ ನಡೆದ ಪಟ್ಟಣವೂ ಇದೇ. ನಾವಿಬ್ಬರೂ ಆ ಕಲ್ಲಿನ ಮುಂದೆ ಮಾತಿಲ್ಲದೆ ನಿಂತೆವು.

ಭಾಷೆಯ ವಿಷಯದಲ್ಲಿಯೂ ಹಾಗೆಯೇ. ತನ್ನ ಭಾಷೆಯನ್ನು ಅಷ್ಟು ಪ್ರೀತಿಯಿಂದ ಬೆಳಸಿದ ರಾಷ್ಟ್ರವು ೧೯೧೦ರಿಂದ ೧೯೪೫ರ ವರೆಗೆ ಕೊರಿಯವನ್ನು ಆಳಿದಾಗ ಕೊರಿಯದ ಭಾಷೆಯನ್ನು ಶಾಲೆಗಳಿಂದ ಹೊರಗೆ ನೂಕಿತು. ೧೮೭೯ರಲ್ಲಿ ವಶಪಡಿಸಿಕೊಂಡ ರ್‍ಯೂಕ್ಯೂ ದ್ವೀಪಗಳಲ್ಲಿ, ಶಾಲೆಯಲ್ಲಿ ಮನೆಮಾತು ಆಡಿದ ಕೂಸಿನ ಕೊರಳಿಗೆ ಮರದ ಹಲಗೆಯನ್ನು ಕಟ್ಟಿ ನಿಲ್ಲಿಸುತ್ತಿದ್ದರು; ಇನ್ನೊಬ್ಬನು ಅದೇ ‘ಅಪರಾಧ’ ಮಾಡುವ ತನಕ ಆ ಹಲಗೆ ಅವನ ಕೊರಳಲ್ಲಿರುವದು. ಉತ್ತರದ ಐನು ಜನರ ಭಾಷೆಯು ಇಂದು ಉಸಿರು ಬಿಡುವಂತಿದೆ. ೨೦೧೯ರಲ್ಲಷ್ಟೆ ಸರಕಾರವು ಅವರನ್ನು ಮೂಲನಿವಾಸಿಗಳೆಂದು ಕಾಯಿದೆಯಲ್ಲಿ ಒಪ್ಪಿಕೊಂಡಿತು. ರವೀಂದ್ರನಾಥ ಠಾಕೂರರು ೧೯೧೬ರಲ್ಲಿ ಜಪಾನಿಗೆ ಹೋದಾಗ ಪರರನ್ನು ತುಳಿಯುವ ರಾಷ್ಟ್ರಾಭಿಮಾನದ ಕೇಡನ್ನು ಕುರಿತು ಎಚ್ಚರಿಸಿದ್ದರು. ಅಂದು ಅದನ್ನು ಬಹಳ ಜನರು ಮೆಚ್ಚಲಿಲ್ಲ. ೧೯೪೫ರಲ್ಲಿ ಹಿರೋಶಿಮಾ ನಾಗಾಸಾಕಿಗಳ ತನಕ ಆ ದಾರಿ ಹೋಯಿತು.

ಆದರೂ ಉಪಕಾರಸ್ಮರಣೆ ಮಾಡದೆ ಇರಲಾರೆವು. ಬ್ರಿಟಿಷರಿಂದ ತಪ್ಪಿಸಿಕೊಂಡು ೧೯೧೫ರಲ್ಲಿ ಟೋಕಿಯೋಕ್ಕೆ ಹೋದ ರಾಸಬಿಹಾರಿ ಬೋಸರನ್ನು ಶಿಂಜುಕುವಿನ ನಾಕಾಮುರಾಯಾ ಎಂಬ ರೊಟ್ಟಿಯ ಅಂಗಡಿಯ ದಂಪತಿಗಳು ತಮ್ಮ ಮನೆಯಲ್ಲಿ ಬಚ್ಚಿಟ್ಟರು. ೧೯೧೮ರಲ್ಲಿ ಮಗಳನ್ನೂ ಕೊಟ್ಟರು. ೧೯೨೭ರಲ್ಲಿ ಆ ಅಂಗಡಿಯು ಬೋಸರು ಕಲಿಸಿದ ಭಾರತೀಯ ಪದ್ಧತಿಯ ಸಾರನ್ನು ಬಡಿಸತೊಡಗಿತು, ಇಂದಿಗೂ ಬಡಿಸುವದು. ಅದರಲ್ಲಿ ಕೋಳಿ ಇರುವದರಿಂದ ನಾವು ಹೊರಗಿನಿಂದಲೇ ಕೈಮುಗಿದೆವು. ಪರದೇಶಿಯಾದ ಒಬ್ಬನಿಗಾಗಿ ತಮ್ಮ ಸರಕಾರದ ಅಪ್ಪಣೆಯನ್ನೇ ಎದುರಿಸಿದ ಗಂಡಹೆಂಡಿರು ಅವರು.

ಸೋದರ ಸೋದರಿಯರೇ, ೧೯೫೬ರ ನವೆಂಬರ ೧ರಂದು ನಮ್ಮ ನಾಡು ಒಂದಾಯಿತು. ಹಿರಿಯರು ಪಟ್ಟ ಪಾಡು ಸಫಲವಾಯಿತು. ಆದರೆ ಗಡಿ ಕೂಡಿಸಿದ ಮಾತ್ರಕ್ಕೆ ಮನೆ ಕಟ್ಟಿದಂತಾಗಲಿಲ್ಲ. ನಮ್ಮ ಉಚ್ಚ ನ್ಯಾಯಾಲಯದ ಭಾಷೆ ಇಂಗ್ಲಿಷ್. ನಮ್ಮ ಮಕ್ಕಳು ವೈದ್ಯ ಕಲಿಯುವ ಭಾಷೆ ಇಂಗ್ಲಿಷ್. ಸುಗಿತಾನಂತೆ ಒಂದೊಂದು ಪದಕ್ಕೆ ದಿನಗಟ್ಟಲೆ ಕೂಡುವ ಕನ್ನಡಿಗರು ಎಷ್ಟು ಜನರಿದ್ದಾರೆಂದು ಪ್ರತಿಯೊಬ್ಬರೂ ತಮ್ಮನ್ನು ತಾವೇ ಕೇಳಿಕೊಳ್ಳಬೇಕು. ಅದರ ಜತೆಯಲ್ಲಿಯೇ, ನಮ್ಮ ಶಾಲೆಗಳಲ್ಲಿ ತುಳು, ಕೊಡವ, ಕೊಂಕಣಿ, ಲಂಬಾಣಿ, ಉರ್ದು ಮನೆಮಾತಿನ ಕೂಸಿನ ಕೊರಳಿಗೆ, ಕಣ್ಣಿಗೆ ಕಾಣದ್ದೇ ಆಗಲಿ, ಯಾವ ಹಲಗೆಯನ್ನೂ ನಾವು ಕಟ್ಟಬಾರದು. ಕನ್ನಡವನ್ನು ಆಡಿದ್ದಕ್ಕೆ ನಮ್ಮ ಮಕ್ಕಳಿಗೆ ಯಾರಾದರೂ ದಂಡ ವಿಧಿಸಿದರೆ ನಮಗೆ ಉರಿಯುವದಷ್ಟೆ? ಆ ಉರಿಯನ್ನು ನಾವು ಮತ್ತೊಬ್ಬರಿಗೆ ಕೊಡಬಾರದು.

ಹಾಗಾದರೆ ಮಾಡಬೇಕಾದದ್ದೇನು? ದೊಡ್ಡ ಕೆಲಸಗಳನ್ನು ದೊಡ್ಡವರು ಮಾಡಲಿ. ಈ ವಾಚನಾಲಯದಲ್ಲಿ ವಾರಕ್ಕೊಂದು ಸಂಜೆ ನಾವಿಬ್ಬರೂ ಕೂಡುವೆವು. ಬ್ಯಾಂಕಿನ, ಕಚೇರಿಯ, ದವಾಖಾನೆಯ ಕಾಗದ ತಿಳಿಯದವರು ಯಾರೇ ಬರಲಿ, ಅವರಿಗೆ ಅದನ್ನು ಕನ್ನಡದಲ್ಲಿ ಓದಿ ಹೇಳಿ, ತುಂಬಿಸಿ ಕೊಡುವೆವು. ಮಾಸ್ತರರಲ್ಲಿ ಇನ್ನಿಬ್ಬರು ಮುಂದೆ ಬಂದರೆ ವಾರಕ್ಕೆ ಎರಡು ಸಂಜೆಗಳಾಗುವವು. ತಮ್ಮ ಹೆಸರುಗಳನ್ನು ಸಭೆ ಮುಗಿದ ಕೂಡಲೆ ಕಾರ್ಯದರ್ಶಿಗಳ ಬಳಿಯಲ್ಲಿ ಬರೆಸಬೇಕೆಂದು ಬೇಡಿಕೊಳ್ಳುತ್ತೇವೆ.